190 ಜನರನ್ನ ಕರೆದ ಮೇಲೆ ಕರೆದ ಹುಡುಗ

ಡ್ರಾಫ್ಟ್, ಅಂದ್ರೆ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ತಂಡಗಳು ಕಾಲೇಜು ಹುಡುಗರನ್ನ ಸರದಿಯಂತೆ ಆರಿಸ್ಕೊಳ್ಳೋ ಕಾರ್ಯಕ್ರಮ, ಹತ್ತಿರ ಬಂತು ಅಂದ್ರೆ ಅಮೆರಿಕದ ಟಿವಿಯಲ್ಲಿ ಕ್ವಾರ್ಟರ್‌ಬ್ಯಾಕ್, ಕ್ವಾರ್ಟರ್‌ಬ್ಯಾಕ್ ಅಂತ ಒಂದೇ ಜಪ. ಚೆಂಡು ಎಸೆದು ಆಟ ನಡೆಸೋನು ಅವನು. ನಾನು ಇವತ್ತು ಮಾತಾಡೋದು ಅವನ ಮುಂದೆ ಬಗ್ಗಿ ನಿಂತಿರ್ತಾನಲ್ಲ, ಆ ದೊಡ್ಡ ಮೈಯವನ ಬಗ್ಗೆ. ಆಫೆನ್ಸಿವ್ ಲೈನ್‌ಮನ್, ಅಂದ್ರೆ ಎದುರಾಳಿಗಳನ್ನ ತಡೆದು ತನ್ನ ಕಡೆಯವರಿಗೆ ದಾರಿ ಮಾಡೋನು. ಅದ್ರಲ್ಲೂ ಜೇಸನ್ ಕೆಲ್ಸಿ ಅನ್ನೋ ಒಬ್ಬನ ಬಗ್ಗೆ. ಇಂಥವರು ಮೈದಾನದಲ್ಲಿ ಒಂದು ತಂಡಕ್ಕೆ ಐದು ಜನ. ಪಂದ್ಯ ಮುಗಿದ ಮೇಲೆ ಅಂಕಿಅಂಶದ ಪಟ್ಟಿ ತೆಗೆದು ನೋಡಿ, ಇವರ ಹೆಸರು ಹುಡುಕಿದ್ರೂ ಸಿಗಲ್ಲ. ಕ್ರಿಕೆಟ್‌ನಲ್ಲಿ ವಿಕೆಟ್ ಕೀಪರ್‌ಗಾದ್ರೂ ಕ್ಯಾಚು, ಸ್ಟಂಪಿಂಗು ಅಂತ ಒಂದು ಲೆಕ್ಕ ಇರುತ್ತೆ. ಇವರಿಗೆ ಅದೂ ಇಲ್ಲ. ಇವರ ನಂಬರ್ ಮೈಕಿನಲ್ಲಿ ಕೇಳೋದು ರೆಫರಿ ಪೆನಾಲ್ಟಿ ಕೂಗಿದಾಗ ಮಾತ್ರ.

ಹಾಗಾದ್ರೆ ಕಾಲೇಜಿನಲ್ಲಿ ಆಡೋ ಇಂಥ ಹುಡುಗನನ್ನ ಎನ್‌ಎಫ್‌ಎಲ್ (ಅಲ್ಲಿನ ವೃತ್ತಿಪರ ಲೀಗ್) ತಂಡಗಳು ಅಳೆಯೋದು ಹೇಗೆ? 'ಹುಡುಗ ತುಂಬಾ ಕಷ್ಟಪಡ್ತಾನೆ' ಅನ್ನೋ ಮಾತು ಲೈನ್‌ಮನ್‌ಗಳ ಬಗ್ಗೆ ಪದೇ ಪದೇ ಬರುತ್ತೆ. ನನಗೆ ಆ ಸಾಲು ಕಂಡ್ರೆ ಅನುಮಾನ. ಆ ಮಟ್ಟಕ್ಕೆ ಬಂದವರಲ್ಲಿ ಕಷ್ಟಪಡದೆ ಬಂದವರು ಯಾರಿದ್ದಾರೆ? ಪಟ್ಟ ಕಷ್ಟ ಕಾಲಲ್ಲಿ ಕಾಣ್ತಿದೆಯಾ, ಕೈಯಲ್ಲಿ ಕಾಣ್ತಿದೆಯಾ, ಅದನ್ನ ತೋರಿಸಿ ಸ್ವಾಮಿ.

ಈಗ ಸ್ಕ್ರೀನ್ ಮೇಲೆ ಬರ್ತಿರೋದು ಓಹಾಯೋದ ನಿಪ್ಪರ್ಟ್ ಸ್ಟೇಡಿಯಂ. ಸಿನ್ಸಿನಾಟಿ ವಿಶ್ವವಿದ್ಯಾಲಯದ ಕ್ಯಾಂಪಸ್ ನಡುವೆಯೇ ಇದೆ, ಬ್ಯಾಗ್ ಹಾಕ್ಕೊಂಡು ಕ್ಲಾಸಿಗೆ ಹೋಗೋ ಹುಡುಗ್ರು ಪಕ್ಕದಲ್ಲೇ ಓಡಾಡ್ತಾರೆ. ಮಳೆ ಹನೀತಿತ್ತು, ಒಂದು ಕೈಯಲ್ಲಿ ಕೊಡೆ, ಅದಕ್ಕೇ ವಿಡಿಯೋ ಸ್ವಲ್ಪ ಅಲ್ಲಾಡುತ್ತೆ, ಸಹಿಸ್ಕೊಳ್ಳಿ. ಜೇಸನ್ ಕೆಲ್ಸಿ ಆಡಿದ್ದು ಇಲ್ಲೇ. ನಮ್ಮಲ್ಲಿ ಬಹಳ ಜನಕ್ಕೆ ಈ ಹೆಸರು ಗೊತ್ತಾಗಿದ್ದು ತಮ್ಮ ಟ್ರಾವಿಸ್‌ನಿಂದ, ಟ್ರಾವಿಸ್ ಗೊತ್ತಾಗಿದ್ದು ಟೇಲರ್ ಸ್ವಿಫ್ಟ್‌ನಿಂದ. ಇರಲಿ.

ಜೇಸನ್ ಕ್ಲೀವ್‌ಲ್ಯಾಂಡ್ ಹೈಟ್ಸ್‌ನ ಹುಡುಗ. ಹೈಸ್ಕೂಲಿನಲ್ಲಿ ಲೈನ್‌ಮನ್ನೇ ಅಲ್ಲ, ಚೆಂಡು ಹಿಡಿದು ಓಡೋ ರನ್ನಿಂಗ್ ಬ್ಯಾಕ್. ಸಿನ್ಸಿನಾಟಿಗೆ ಬಂದಿದ್ದು ವಾಕ್-ಆನ್ ಆಗಿ, ಅಂದ್ರೆ ಸ್ಕಾಲರ್‌ಶಿಪ್ ಇಲ್ಲದೆ, 'ನನಗೂ ಒಂದು ಅವಕಾಶ ಕೊಡಿ' ಅಂತ ಬಾಗಿಲು ತಟ್ಟಿ. ಅಲ್ಲಿಂದ ಲೈನಿಗೆ ಹಾಕಿದ್ರು. 2009ರಲ್ಲಿ ಲೆಫ್ಟ್ ಗಾರ್ಡ್, ಅಂದ್ರೆ ಲೈನಿನ ನಡುವಿನವನ ಎಡಪಕ್ಕದವನು. ಆ ವರ್ಷ ತಂಡ ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಕೊನೇ ವರ್ಷ 2010ರಲ್ಲಿ ಸೆಂಟರ್, ಅಂದ್ರೆ ಲೈನಿನ ನಟ್ಟನಡುವೆ ನಿಂತು ಚೆಂಡನ್ನ ಹಿಂದಕ್ಕೆ ಕೊಡೋನು. ನನ್ನ ಮಟ್ಟಿಗೆ ಕಷ್ಟಪಡೋ ಗುಣಕ್ಕೆ ಇದೇ ಗಟ್ಟಿ ಪುರಾವೆ. ಜಾಗ ಬದಲಾದ ಹಾಗೆಲ್ಲ ಕಾಲಿಡೋ ಕ್ರಮ, ಮೈ ಬಾಗಿಸೋ ಕೋನ ಎಲ್ಲಾ ಹೊಸದಾಗಿ ಕಲೀಬೇಕು. ಕಲಿತಿದ್ದಾನೆ.

ಫೆಬ್ರವರಿ 2011, ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್. ಹುಡುಗರನ್ನ ತೂಗಿ, ಅಳೆದು, ಓಡಿಸಿ ನೋಡೋ ಪರೀಕ್ಷೆ ಅದು. ಕೆಲ್ಸಿ 40 ಗಜವನ್ನ 4.89 ಸೆಕೆಂಡಿನಲ್ಲಿ ಓಡಿದ, ಆ ವರ್ಷ ಅಲ್ಲಿ ಓಡಿದ ಆಫೆನ್ಸಿವ್ ಲೈನ್‌ಮನ್‌ಗಳಲ್ಲಿ ಅವನೇ ಮೊದಲು. ಐದು ಗಜ ಆ ಕಡೆ, ಹತ್ತು ಗಜ ಈ ಕಡೆ, ಮತ್ತೆ ಐದು ಗಜ ವಾಪಸ್ ಓಡೋ ಶಟಲ್‌ನಲ್ಲಿ 4.14. ಆದ್ರೆ ತಕ್ಕಡಿ ಏರಿದಾಗ? 280 ಪೌಂಡ್, ಸುಮಾರು 127 ಕಿಲೋ. ನಮಗೆ ಇದು ಆನೆ ತೂಕ. ಅವರಿಗೆ ಇದು ಸಣಕಲ. ಎದುರಿಗೆ ನಿಲ್ಲೋ ನೋಸ್ ಟ್ಯಾಕಲ್‌ಗಳು 150 ಕಿಲೋ ಹತ್ತಿರ ಇರ್ತಾರೆ.

ಟೇಪ್‌ಗೆ, ಅಂದ್ರೆ ಪಂದ್ಯದ ವಿಡಿಯೋಗೆ ಬರೋಣ, ನನಗೆ ಇಷ್ಟವಾದ ಭಾಗ. ಸೆಂಟರ್ ಆಟಗಾರನನ್ನ ನೋಡುವಾಗ ಚೆಂಡನ್ನ ಮರೆತುಬಿಡಿ. ಪಾದ ಮಾತ್ರ ನೋಡಿ. ಎದುರಾಳಿ ಅವನ ಬಲಭುಜದ ಆಚೆ ನಿಂತಿದ್ದಾನೆ, ಆಟ ಹೋಗಬೇಕಾಗಿರೋದೂ ಬಲಕ್ಕೇ. ಸೆಂಟರ್ ಒಂದು ಕೈಯಲ್ಲಿ ಚೆಂಡನ್ನ ಕಾಲ ಸಂದಿಯಿಂದ ಹಿಂದಕ್ಕೆ ಕೊಡಬೇಕು, ಅದೇ ಗಳಿಗೆಯಲ್ಲಿ ಬಲಗಾಲು ಪಕ್ಕಕ್ಕೆ ಹೋಗಬೇಕು, ಕೈ ಇನ್ನೂ ಹಿಂದೆ ಇರುವಾಗಲೇ. ಎರಡನೇ ಹೆಜ್ಜೆಗೆ ಎದುರಾಳಿಯ ಹೊರಭುಜ ದಾಟಿ, ಸೊಂಟ ತಿರುಗಿಸಿ, ಅವನಿಗೂ ಚೆಂಡಿಗೂ ನಡುವೆ ನಿಲ್ಲಬೇಕು. ರೀಚ್ ಬ್ಲಾಕ್ ಅಂತಾರೆ ಇದಕ್ಕೆ. ಭಾರಿ ಮೈಯವರಲ್ಲಿ ಎಷ್ಟೋ ಜನ ಇಲ್ಲಿ ಅರ್ಧ ಹೆಜ್ಜೆ ತಡ. ಕೆಲ್ಸಿ ಎದುರಾಳಿಯನ್ನ ದಾಟಿ, ಹಿಂದಿರೋ ಲೈನ್‌ಬ್ಯಾಕರ್ ಹತ್ತಿರ ಹೋಗಿಬಿಟ್ಟಿರ್ತಾನೆ. ಓಡೋ ಹುಡುಗನಾಗಿದ್ದ ದಿನಗಳ ಕಾಲು ಅದು, ಎಲ್ಲಿ ಹೋಗುತ್ತೆ?

ಇನ್ನೊಂದು ಕಡೆನೂ ಹೇಳಬೇಕು. ಮೂಗಿನ ನೇರಕ್ಕೆ ಎದುರು ನಿಂತ ಭಾರಿ ಆಸಾಮಿ ಎದೆಗೆ ಕೈ ಕೊಟ್ಟು ನೂಕಿದ್ರೆ 127 ಕಿಲೋದವನು ಹಿಂದೆ ಜಾರೋನೇ. ಆಗ ಕ್ವಾರ್ಟರ್‌ಬ್ಯಾಕ್‌ಗೆ ಹೆಜ್ಜೆ ಇಡೋಕೆ ಜಾಗ ಇರಲ್ಲ. ಬಲದ ಮೇಲೆ ನುಗ್ಗೋ ತಂಡದವರು ಇವನ ಹೆಸರು ಹೊಡೆದುಹಾಕಿದ್ರೆ ಅವರನ್ನ ದಡ್ಡರು ಅನ್ನೋಕಾಗಲ್ಲ.

ಕೊನೆಗೆ ಆರನೇ ಸುತ್ತಿನಲ್ಲಿ, 191ನೇಯವನಾಗಿ ಫಿಲಡೆಲ್ಫಿಯಾ ಈಗಲ್ಸ್ ಕರೀತು. ಅಲ್ಲಿ ಲೈನ್ ಕೋಚ್ ಆಗಿ ಹೊಸದಾಗಿ ಬಂದಿದ್ದ ಹೊವರ್ಡ್ ಮಡ್‌ಗೆ ಬೇಕಾಗಿದ್ದೇ ಚುರುಕು ಕಾಲಿನವರು. ಅದೇ ಡ್ರಾಫ್ಟ್‌ನಲ್ಲಿ ಈಗಲ್ಸ್ ಮೊದಲ ಸುತ್ತಿನಲ್ಲಿ, 23ನೇಯವರಾಗಿ ಆರಿಸಿದ್ದು ಡ್ಯಾನಿ ವಾಟ್ಕಿನ್ಸ್ ಅನ್ನೋ ಗಾರ್ಡ್. ಕೆನಡಾದವರು, ವಯಸ್ಸು 26, ಫುಟ್‌ಬಾಲ್‌ಗೆ ಮುಂಚೆ ಬೆಂಕಿ ಆರಿಸೋ ಕೆಲಸ ಮಾಡಿ ಬಂದವರು. ಕಷ್ಟಪಡಲ್ಲ ಅಂತ ಅವರ ಬಗ್ಗೆ ಯಾರೂ ಹೇಳೋಕಾಗಲ್ಲ. ಎರಡು ಸೀಸನ್ ಆದ ಮೇಲೆ ತಂಡ ಬಿಟ್ಟಿತು, ಮುಂದೆ ಮತ್ತೆ ಅಗ್ನಿಶಾಮಕ ದಳಕ್ಕೇ ಹೋದ್ರು. ಒಂದೇ ತಂಡ, ಒಂದೇ ಡ್ರಾಫ್ಟ್, ಒಂದೇ ಲೈನು.

ಕೆಲ್ಸಿ? ಆ ವರ್ಷ ಮಾಲೀಕರು, ಆಟಗಾರರ ಜಗಳದಲ್ಲಿ ಲಾಕ್‌ಔಟ್ ಆಗಿ, ಹೊಸಬರಿಗೆ ಬೇಸಿಗೆ ಅಭ್ಯಾಸವೇ ಸರಿಯಾಗಿ ಸಿಗಲಿಲ್ಲ. ಆದ್ರೂ ಮೊದಲ ಸೀಸನ್‌ನ 16 ಪಂದ್ಯಕ್ಕೂ ಅವನೇ ಸೆಂಟರ್. ಆಮೇಲೆ ಆರು ಸಲ ಆಲ್-ಪ್ರೋ (ವರ್ಷದ ಅತ್ಯುತ್ತಮ ಆಟಗಾರರ) ಮೊದಲ ತಂಡ, 2018ರ ಫೆಬ್ರವರಿಯಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆಲುವು. 13 ಸೀಸನ್ ಒಂದೇ ಜೆರ್ಸಿಯಲ್ಲಿ ಆಡಿ 2024ರ ಮಾರ್ಚ್‌ನಲ್ಲಿ ನಿವೃತ್ತಿ.

2011ರಲ್ಲಿ ನಾನೇ ಸ್ಕೌಟ್, ಅಂದ್ರೆ ಆಟಗಾರರನ್ನ ನೋಡಿ ತಂಡಕ್ಕೆ ವರದಿ ಬರೆಯೋನು ಆಗಿದ್ರೆ ಎಷ್ಟನೇ ಸುತ್ತು ಅಂತ ಬರೀತಿದ್ದೆ? ಆ ಶಟಲ್ ಸಮಯ, ಆ ಪಾದ ನೋಡಿ ನಾಲ್ಕನೇದು ಅಂತಿದ್ದೆ. ಪಕ್ಕದಲ್ಲಿ ಒಂದು ಷರಾ: ಪಕ್ಕಕ್ಕೆ ಓಡಿಸೋ ತಂಡಕ್ಕೆ ಮಾತ್ರ. ಮೊದಲ ಸುತ್ತಿನಲ್ಲೇ ತಗೋತಿದ್ದೆ ಅಂತ ಈಗ ಹೇಳೋರು ಇದ್ದಾರೆ, ನಂಬಬೇಡಿ.