ಹಳದಿ ಮಾರ್ಗವೂ ಹೊರದೇಶದ ಕಡತವೂ

ಕೇಳುಗರೆಲ್ಲರಿಗೂ ನಮಸ್ಕಾರ. ಇಂದಿನ ಮಾತು ಸಂಸದ ತೇಜಸ್ವಿ ಸೂರ್ಯ ಅವರ ಕೆಲಸದ ಬಗ್ಗೆ. ಮೆಟ್ರೊದಿಂದ ಶುರುಮಾಡುತ್ತೇನೆ.

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಗುವ ಮೊದಲು ಎಷ್ಟು ಕಾಲ ಖಾಲಿ ನಿಂತಿತ್ತೆಂಬುದು ಬೆಂಗಳೂರಿನ ದಕ್ಷಿಣ ಭಾಗದವರಿಗೆ ಚೆನ್ನಾಗಿ ನೆನಪಿದೆ. 19.15 ಕಿಲೋಮೀಟರ್ ಉದ್ದದ, 16 ನಿಲ್ದಾಣಗಳ ಈ ಮಾರ್ಗದಲ್ಲಿ ಕಂಬಗಳು ಎದ್ದಿದ್ದವು, ಹಳಿ ಹಾಸಿತ್ತು. ಓಡಿಸಲು ರೈಲು ಮಾತ್ರ ಇರಲಿಲ್ಲ. ಅದರ ಕೆಳಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸುಗಳೂ ಬೈಕುಗಳೂ ಎಂದಿನಂತೆ ತೆವಳುತ್ತಿದ್ದವು.

ರೈಲು ಬರದಿದ್ದುದರ ಕಾರಣವನ್ನು ಹುಡುಕುತ್ತ ಹೋದರೆ ನಾವು ಬೆಂಗಳೂರನ್ನು ಬಿಟ್ಟು ಗಡಿಯವರೆಗೆ ಹೋಗಬೇಕಾಗುತ್ತದೆ. 216 ಬೋಗಿಗಳನ್ನು, ಅಂದರೆ ಆರು ಬೋಗಿಗಳ 36 ರೈಲುಗಳನ್ನು ಒದಗಿಸುವ ಗುತ್ತಿಗೆಯನ್ನು 2019ರಲ್ಲಿ ಚೀನಾದ ಸಿಆರ್‌ಆರ್‌ಸಿ ಸಮೂಹದ ಕಂಪನಿಗೆ ಕೊಡಲಾಗಿತ್ತು. ಬಹುಪಾಲು ಬೋಗಿಗಳನ್ನು ಭಾರತದಲ್ಲೇ ತಯಾರಿಸಬೇಕೆಂಬುದು ಅದರ ಷರತ್ತು. ಆದರೆ 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವು ನೆಲದ ಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಮುಂಚಿತ ಅನುಮತಿಯನ್ನು ಕಡ್ಡಾಯಗೊಳಿಸಿತು. ಜೂನ್‌ನಲ್ಲಿ ಲಡಾಖಿನ ಗಲ್ವಾನ್ ಕಣಿವೆಯಲ್ಲಿ ಭಾರತ ಮತ್ತು ಚೀನಾದ ಸೈನಿಕರ ನಡುವೆ ಘರ್ಷಣೆ ನಡೆಯಿತು. ಕಾರ್ಖಾನೆ ಏಳಲಿಲ್ಲ, ಚೀನಾದ ಎಂಜಿನಿಯರುಗಳಿಗೆ ವೀಸಾ ಸಿಗುವುದು ಕಷ್ಟವಾಯಿತು, ಕೊನೆಗೆ ಕೋಲ್ಕತ್ತಾದ ಟಿಟಾಗಢ ಕಂಪನಿಯ ಮೂಲಕ ಬೋಗಿಗಳನ್ನು ಕಟ್ಟಿಸುವ ದಾರಿ ತೆರೆಯಿತು. ಲಡಾಖಿನಲ್ಲಿ ನಡೆದುದರ ಬಿಸಿ ಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದವರಿಗೂ ತಟ್ಟಿದ್ದು ಹೀಗೆ.

ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದ ಸದಸ್ಯರಾದ ತೇಜಸ್ವಿ ಸೂರ್ಯ ಅವರ ಈಚಿನ ಕೆಲಸವನ್ನು ಇಂದು ಈ ಕೋನದಿಂದ ನೋಡಬಯಸುತ್ತೇನೆ. ನಮ್ಮಲ್ಲಿ ಶಾಸಕರೆಂದರೆ ವಿಧಾನಸೌಧದವರು, ಸಂಸದರೆಂದರೆ ದೆಹಲಿಯವರು ಎಂಬ ರೂಢಿಯಿದೆ. ಚರಂಡಿಯ ದೂರನ್ನು ಮಾತ್ರ ಇಬ್ಬರಿಗೂ ಒಯ್ಯುತ್ತೇವೆ, ಆ ಮಾತು ಬೇರೆ. ಹಳದಿ ಮಾರ್ಗದ ವಿಚಾರದಲ್ಲಿ ಸಂಸದರು ಮಾಡಬೇಕಾಗಿದ್ದ ಕೆಲಸವೆಂದರೆ ವೀಸಾ ಮತ್ತು ಅನುಮತಿಗಳ ಕಡತಗಳನ್ನು ಕೇಂದ್ರದ ಸಚಿವಾಲಯಗಳಲ್ಲಿ ಬೆನ್ನುಹತ್ತುವುದು. ಅದನ್ನು ಅವರು ಮಾಡಿದರು. ಮಾರ್ಗವನ್ನು ಬೇಗ ತೆರೆಯಬೇಕೆಂದು ಬೀದಿಗಿಳಿದು ಪ್ರತಿಭಟನೆಯನ್ನೂ ನಡೆಸಿದರು. ಆದರೂ ಮಾರ್ಗ ಆರಂಭವಾದಾಗ ಇದ್ದದ್ದು ಮೂರೇ ರೈಲು, ಒಂದರಿಂದ ಇನ್ನೊಂದಕ್ಕೆ 25 ನಿಮಿಷದ ಅಂತರ. ಶ್ರೇಯಸ್ಸಿಗಾಗಿ ನಡೆದ ಪೈಪೋಟಿಯನ್ನು ಕಂಡವರಿಗೆ ಈ 25 ನಿಮಿಷ ಇನ್ನಷ್ಟು ಉದ್ದವಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ವಿದೇಶಾಂಗ ವಿಚಾರದಲ್ಲಿ ಭಾರತದ ಸಂಸದರೊಬ್ಬರ ಅಧಿಕಾರ ನಾವು ಊಹಿಸುವುದಕ್ಕಿಂತ ಚಿಕ್ಕದು. ಅನ್ಯದೇಶಗಳೊಡನೆ ಒಪ್ಪಂದ ಮಾಡಿಕೊಳ್ಳುವುದು ಸಂವಿಧಾನದ ಕೇಂದ್ರ ಪಟ್ಟಿಯ 14ನೆಯ ವಿಷಯವಾದರೂ, ಒಪ್ಪಂದಕ್ಕೆ ಸಹಿ ಹಾಕಿ ಅದನ್ನು ಸ್ಥಿರೀಕರಿಸುವುದು ಸರ್ಕಾರವೇ. ಅಮೆರಿಕದ ಸೆನೆಟ್ಟಿನಂತೆ ನಮ್ಮ ಸಂಸತ್ತಿನ ಮುಂದೆ ಅದು ಒಪ್ಪಿಗೆಗಾಗಿ ಬರಬೇಕಾಗಿಲ್ಲ. ಅದನ್ನು ಜಾರಿಗೆ ತರಲು ಕಾನೂನು ಬೇಕಾದಾಗಷ್ಟೇ 253ನೆಯ ವಿಧಿಯಡಿ ಸಂಸತ್ತಿನ ಸರದಿ. ಉಳಿದಂತೆ ಸದಸ್ಯರ ಕೈಯಲ್ಲಿರುವುದು ಪ್ರಶ್ನೋತ್ತರ ಅವಧಿ, ಚರ್ಚೆ, ಮತ್ತು 21 ಲೋಕಸಭಾ ಸದಸ್ಯರೂ 10 ರಾಜ್ಯಸಭಾ ಸದಸ್ಯರೂ ಇರುವ ವಿದೇಶಾಂಗ ಸ್ಥಾಯಿ ಸಮಿತಿ.

2025ರ ಬೇಸಿಗೆಯಲ್ಲಿ ಈ ಮಿತಿಯಾಚೆಗೆ ಒಂದು ಹೊಸ ಕೆಲಸ ಸಂಸದರ ಪಾಲಿಗೆ ಬಂತು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಸತ್ತವರಲ್ಲಿ ನಮ್ಮ ನಾಡಿನವರೂ ಇದ್ದರು. ಪಾಕಿಸ್ತಾನದ ಮೇಲೆ ಭಾರತ ಮೇ 7ರಂದು ನಡೆಸಿದ ಸೇನಾ ಕಾರ್ಯಾಚರಣೆಯ ಬಳಿಕ, ತನ್ನ ನಿಲುವನ್ನು ವಿವರಿಸಲು ಸರ್ಕಾರವು ಎಲ್ಲ ಪಕ್ಷಗಳ ಸದಸ್ಯರನ್ನೊಳಗೊಂಡ ಏಳು ನಿಯೋಗಗಳನ್ನು ಹೊರದೇಶಗಳಿಗೆ ಕಳುಹಿಸಿತು. ವಿದೇಶಾಂಗ ಸ್ಥಾಯಿ ಸಮಿತಿಯ ಅಧ್ಯಕ್ಷರೂ ಕಾಂಗ್ರೆಸ್ಸಿನವರೂ ಆದ ಶಶಿ ತರೂರ್ ಅವರ ನೇತೃತ್ವದಲ್ಲಿ ಅಮೆರಿಕ, ಗಯಾನಾ, ಪನಾಮಾ, ಕೊಲಂಬಿಯಾ, ಬ್ರೆಜಿಲ್‌ಗಳಿಗೆ ಹೋದ ತಂಡದಲ್ಲಿ ಸೂರ್ಯ ಅವರಿದ್ದರು. ದಕ್ಷಿಣ ಕನ್ನಡದ ಸಂಸದ ಬ್ರಿಜೇಶ್ ಚೌಟ ಅವರು ಡಿಎಂಕೆಯ ಕನಿಮೊಳಿ ಅವರ ತಂಡದೊಡನೆ ಯುರೋಪಿನ ಕಡೆಗೆ ಹೋದರು. ಪಾಕಿಸ್ತಾನದಲ್ಲಿ ಆದ ಸಾವುಗಳಿಗೆ ಸಂತಾಪ ಸೂಚಿಸಿ ಕೊಲಂಬಿಯಾ ಹೊರಡಿಸಿದ್ದ ಹೇಳಿಕೆಯನ್ನು, ತರೂರ್ ಅವರ ತಂಡ ಅಲ್ಲಿಗೆ ಹೋಗಿ ಅಸಮಾಧಾನ ತಿಳಿಸಿದ ಮೇಲೆ, ಆ ದೇಶ ಹಿಂತೆಗೆದುಕೊಂಡಿತು. ಲೋಕಸಭೆಯಲ್ಲಿ ಒಬ್ಬರನ್ನೊಬ್ಬರು ಮಾತು ಮುಗಿಸಗೊಡದವರು ಆ ದೇಶದ ರಾಜಧಾನಿ ಬೊಗೊಟಾದಲ್ಲಿ ಒಂದೇ ಮೇಜಿನ ಒಂದೇ ಬದಿಯಲ್ಲಿ ಕುಳಿತಿದ್ದರು. ಇಂಥ ನಿಯೋಗದ ಫಲವನ್ನು ಅಳೆಯುವುದು ಸುಲಭವಲ್ಲ. ಆದರೆ ಕೊಲಂಬಿಯಾದ ಪ್ರಸಂಗವನ್ನು ಬರಿಯ ಪ್ರವಾಸವೆಂದು ತಳ್ಳಿಹಾಕಲಾಗದು.

ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್, ಅಂದರೆ ಅದರ ದೂತಾವಾಸದ ಶಾಖಾ ಕಚೇರಿ, ತೆರೆದ ವಿಚಾರ ಇಷ್ಟು ಸ್ಪಷ್ಟವಲ್ಲ. ವೀಸಾಕ್ಕಾಗಿ ಚೆನ್ನೈಗೋ ಹೈದರಾಬಾದಿಗೋ ಓಡುತ್ತಿದ್ದ ಬೆಂಗಳೂರಿನವರ ಬಹುಕಾಲದ ಬೇಡಿಕೆ ಅದು. ಸೂರ್ಯ ಅವರೂ ಅದನ್ನು ಒತ್ತಾಯಿಸುತ್ತ ಬಂದವರು. 2025ರ ಜನವರಿ 17ರಂದು ಉದ್ಘಾಟನೆಯಾಯಿತು. ಯಾರಿಂದಾಯಿತೆಂಬ ವಾಗ್ವಾದವೂ ಪಕ್ಷಗಳ ನಡುವೆ ಅಂದೇ ಶುರುವಾಯಿತು, ವೀಸಾ ಸೇವೆ ಮಾತ್ರ ಅಂದು ಶುರುವಾಗಲಿಲ್ಲ.

ಶಾಸನ ರಚನೆಯ ಕೆಲಸಕ್ಕೆ ಸುದ್ದಿಯಲ್ಲಿ ಸಿಗುವ ಜಾಗ ಕಡಿಮೆ. 2025ರ ಆಗಸ್ಟ್‌ನಲ್ಲಿ ಮಂಡನೆಯಾದ ಜನ ವಿಶ್ವಾಸ ತಿದ್ದುಪಡಿ ಮಸೂದೆಯನ್ನು ಪರಿಶೀಲಿಸುವ ಲೋಕಸಭೆಯ ಆಯ್ಕೆ ಸಮಿತಿಗೆ ಸೂರ್ಯ ಅವರನ್ನು ಅಧ್ಯಕ್ಷರನ್ನಾಗಿ ನೇಮಿಸಲಾಯಿತು. 16 ಕೇಂದ್ರ ಕಾನೂನುಗಳ 355 ಉಪಬಂಧಗಳನ್ನು ತಿದ್ದುವ ಈ ಮಸೂದೆಯ ತಿರುಳೆಂದರೆ ಸಣ್ಣ ತಪ್ಪುಗಳನ್ನು ಅಪರಾಧದ ಪಟ್ಟಿಯಿಂದ ಕೈಬಿಡುವುದು. ತೂಕ ಮತ್ತು ಅಳತೆಯ ಕಾನೂನೂ ಅದರಲ್ಲಿತ್ತು. ಮೊದಲ ಸಲ ತಪ್ಪಿದ ಅಂಗಡಿಯವರಿಗೆ ದಂಡಕ್ಕೆ ಬದಲು ತಿದ್ದಿಕೊಳ್ಳುವ ನೋಟಿಸ್ ಕೊಟ್ಟರೆ ಚಿಕ್ಕಪೇಟೆಯ ವ್ಯಾಪಾರಿ ನಿಟ್ಟುಸಿರು ಬಿಟ್ಟಾನು. ಆದರೆ ತಕ್ಕಡಿಯ ಈಚೆ ಬದಿಯಲ್ಲಿ ನಿಂತ ಗಿರಾಕಿಯ ಮಾತನ್ನೂ ಸಮಿತಿ ಕೇಳಬೇಕಾಗಿತ್ತು. ನನ್ನ ದೃಷ್ಟಿಯಲ್ಲಿ ಸಂಸದರೊಬ್ಬರ ಕಸುಬು ತಿಳಿಯುವುದು ಇಂಥ ಕಲಮುಗಳ ಪರಿಶೀಲನೆಯಲ್ಲಿ. ಪ್ರತಿಭಟನೆಯ ಫಲಕ ಹಿಡಿಯಲು ಅಷ್ಟು ಓದು ಬೇಡ.

ಇನ್ನು ಮೆಟ್ರೊ ಪ್ರಯಾಣದರದ ಮಾತು. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಏರಿಕೆಯನ್ನು ಶಿಫಾರಸು ಮಾಡಿದ ದರ ನಿಗದಿ ಸಮಿತಿಯ ವರದಿ ಜನರ ಕೈಗೆ ಸಿಗಲಿಲ್ಲ. ಮೆಟ್ರೊ ನಿಗಮದಲ್ಲಿ ಕೇಂದ್ರ ಮತ್ತು ರಾಜ್ಯಗಳದು ಸಮಪಾಲು. ಹೀಗಾಗಿ ದರದ ಹೊಣೆಯನ್ನು ದೆಹಲಿ ಬೆಂಗಳೂರಿಗೂ ಬೆಂಗಳೂರು ದೆಹಲಿಗೂ ದಾಟಿಸುತ್ತಿದ್ದವು. ಕೇಂದ್ರದ ಆಳುವ ಪಕ್ಷಕ್ಕೇ ಸೇರಿದ ಸಂಸದ ಸೂರ್ಯ ಅವರು ವರದಿಯೊಂದನ್ನು ಪಡೆಯಲು ಸಾಮಾನ್ಯ ಅರ್ಜಿದಾರರಂತೆ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಸೆಪ್ಟೆಂಬರ್‌ನಲ್ಲಿ ನಿಗಮವು ಆ ವರದಿಯನ್ನು ಬಹಿರಂಗಪಡಿಸಿತು. ಅಷ್ಟರೊಳಗೆ ಬೆಂಗಳೂರಿನವರು ಏಳು ತಿಂಗಳು ಹೊಸ ದರವನ್ನು ಕೊಟ್ಟು ಓಡಾಡಿದ್ದರು.

ನಮಸ್ಕಾರ.