ಸ್ಪಿರಿಟ್: ಹಬೆಗೆ ಇಟ್ಟ ಹೆಸರು

ಕೇಳುಗರಿಗೆ ನಮಸ್ಕಾರ.

ಚುಚ್ಚುಮದ್ದು ಕೊಡುವ ಮುನ್ನ ಹತ್ತಿಯಲ್ಲಿ ಅದ್ದಿ ಒರೆಸುವುದೂ ಸ್ಪಿರಿಟ್ಟೇ, ವಿಸ್ಕಿ, ರಮ್, ಬ್ರಾಂದಿಗಳಿಗೆ ಒಟ್ಟಾಗಿ ಇರುವ ಹೆಸರೂ ಸ್ಪಿರಿಟ್ಟೇ. ಬಿಯರಿಗಾಗಲಿ ವೈನಿಗಾಗಲಿ ಆ ಹೆಸರಿಲ್ಲ. ಅವು ಹುದುಗು ಬಂದ ಮೇಲೆ ಸೋಸಿ ತುಂಬುವ ಪಾನೀಯಗಳು. ಬಟ್ಟಿ ಇಳಿಸಿದ್ದಕ್ಕೆ ಮಾತ್ರ ಸ್ಪಿರಿಟ್ ಎಂಬ ಹೆಸರು ಸಲ್ಲುತ್ತದೆ.

ಪದದ ಬೇರು ಲ್ಯಾಟಿನ್ನಿನ ‘ಸ್ಪಿರಿಟುಸ್’. ಮೊದಲ ಅರ್ಥ ಉಸಿರು. ಆಮೇಲೆ ಪ್ರಾಣ, ಚೇತನ. ಕುಡಿದವನಿಗೆ ಹುರುಪು ಬರುವುದರಿಂದ ಈ ಹೆಸರು ಎನ್ನುವವರಿದ್ದಾರೆ. ಹಾಗಲ್ಲ. ಇದು ರಸವಾದಿಗಳ ಒಲೆಯ ಮುಂದೆ ಬೆಳೆದ ಪದ. ಹಳೆಯ ಕಾಲದ ರಸವಾದಿ ಜಾಬಿರ್ ಇಬ್ನ್ ಹಯ್ಯಾನನ ಹೆಸರಿನಲ್ಲಿರುವ ಅರಬ್ಬಿ ಗ್ರಂಥಗಳು ಖನಿಜಗಳನ್ನು ಮೂರು ಗುಂಪು ಮಾಡುತ್ತವೆ: ಬಡಿದರೆ ಹರಡುವ ಲೋಹಗಳು, ಬಡಿದರೆ ಪುಡಿಯಾಗುವ ಕಲ್ಲುಗಳು, ಮತ್ತೆ ಕಾಯಿಸಿದರೆ ಹಾರಿಹೋಗುವ ‘ಚೇತನ’ಗಳು. ಪಾದರಸ, ಗಂಧಕ, ನವಸಾಗರ ಈ ಮೂರನೆಯ ಗುಂಪಿನವು. ಯುರೋಪಿನಲ್ಲಿ ಆ ಗುಂಪಿಗೆ ಬಂದ ಹೆಸರೇ ಸ್ಪಿರಿಟ್.

ಹಾಗಾಗಿ ಹಳೆಯ ರಸಾಯನಶಾಸ್ತ್ರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ‘ಉಪ್ಪಿನ ಸ್ಪಿರಿಟ್’, ಜಿಂಕೆಯ ಕೊಂಬನ್ನು ಕಾಯಿಸಿ ಪಡೆದ ಅಮೋನಿಯಾ ದ್ರವ ‘ಕೊಂಬಿನ ಸ್ಪಿರಿಟ್’. ವೈನನ್ನು ಬಟ್ಟಿ ಇಳಿಸಿದಾಗ ಬಂದದ್ದು ‘ವೈನಿನ ಸ್ಪಿರಿಟ್’. ಕಾಲಕ್ರಮದಲ್ಲಿ ಮುಂದಿನ ‘ವೈನಿನ’ ಉದುರಿ, ಬರೀ ಸ್ಪಿರಿಟ್ ಉಳಿಯಿತು.

ಆಲ್ಕೋಹಾಲ್ ಎಂಬ ಪದ ಅರಬ್ಬಿಯ ‘ಗೂಲ್’ ಎಂಬ ಪಿಶಾಚಿಯಿಂದ ಬಂತೆಂದು ಈಚೆಗೆ ಬಹಳ ಹರಡಿದೆ. ದಯವಿಟ್ಟು ನಂಬಬೇಡಿ. ಮೂಲ ‘ಅಲ್ ಕುಹ್ಲ್’, ಕಣ್ಣಿಗೆ ಹಚ್ಚುವ ಅಂಜನದ ನುಣ್ಣನೆಯ ಪುಡಿ. ನುಣ್ಣನೆಯ ಪುಡಿ ಎಂಬ ಅರ್ಥ ಹಿಗ್ಗಿ ‘ತೆಗೆದ ಸಾರ’ ಎಂದಾಯಿತು. 16ನೇ ಶತಮಾನದಲ್ಲಿ ಸ್ವಿಸ್ ವೈದ್ಯ ಪ್ಯಾರಾಸೆಲ್ಸಸ್ ವೈನಿನ ಸಾರವನ್ನು ‘ಆಲ್ಕೋಹಾಲ್ ವಿನಿ’ ಎಂದ. ಬಟ್ಟಿ ಇಳಿಸಿದ ಮದ್ಯಕ್ಕಿರುವ ಇನ್ನೊಂದು ಹೆಸರು ‘ಅರಕ್’. ಹಾಗೆಂದರೆ ಅರಬ್ಬಿಯಲ್ಲಿ ಬೆವರು. ಬಟ್ಟಿಯ ತಣ್ಣನೆಯ ಭಾಗದಲ್ಲಿ ಹಬೆ ಹನಿಗಟ್ಟುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ.

ಈಗ ಆ ಹಬೆಯ ವಿಚಾರ. ಎಥನಾಲ್, ಅಂದರೆ ಮದ್ಯದಲ್ಲಿರುವ ಆಲ್ಕೋಹಾಲ್, ಶುದ್ಧವಾಗಿದ್ದಾಗ ಕುದಿಯುವುದು 78.3 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು 100ರಲ್ಲಿ. 78ಕ್ಕೆ ಕಾಯಿಸಿದರೆ ಆಲ್ಕೋಹಾಲ್ ಮಾತ್ರ ಎದ್ದು ಬರುತ್ತದೆ, ನೀರು ಕೆಳಗೇ ಉಳಿಯುತ್ತದೆ ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ಎರಡೂ ಬೆರೆತೇ ಕುದಿಯುತ್ತವೆ. ಶೇಕಡಾ 8ರಷ್ಟು ಆಲ್ಕೋಹಾಲ್ ಇರುವ ಹುದುಗು ದ್ರವ ಕುದಿಯಲು 90 ಡಿಗ್ರಿ ದಾಟಬೇಕು. ಹಬೆಯಲ್ಲಿ ಆಲ್ಕೋಹಾಲಿನ ಪಾಲು ಹೆಚ್ಚಿರುತ್ತದೆ, ಅಷ್ಟೇ. ಅದಕ್ಕೇ ವಿಸ್ಕಿಯ ತಾಮ್ರದ ಬಟ್ಟಿಯಲ್ಲಿ ಮೊದಲ ಸಲ ಸಿಗುವುದು ಶೇಕಡಾ 20–25ರ ದ್ರವ. ಎರಡನೇ ಸಲ ಇಳಿಸಿದಾಗ 70ರ ಆಸುಪಾಸು. ತೂಕದಲ್ಲಿ ಶೇಕಡಾ 95.6 ಮುಟ್ಟಿದ ಮೇಲೆ ಹಬೆಯೂ ದ್ರವವೂ ಒಂದೇ ಪಾಕ. ಎಷ್ಟು ಸಲ ಇಳಿಸಿದರೂ ಉಳಿದ ನೀರು ಬಿಡುವುದಿಲ್ಲ.

ಎರಡನೇ ಸಲದ ಮೊದಲ ಹನಿಗಳಲ್ಲಿ ಅಸಿಟಾಲ್ಡಿಹೈಡ್, ಈಥೈಲ್ ಅಸಿಟೇಟ್ ಹೆಚ್ಚು. ಮೂಗಿಗೆ ಖಾರವಾಗಿ ಬಡಿಯುತ್ತವೆ. ಕೊನೆಯ ಹನಿಗಳಲ್ಲಿ ಜಿಡ್ಡು ವಾಸನೆಯ ಭಾರದ ಆಲ್ಕೋಹಾಲುಗಳು. ಎರಡನ್ನೂ ಬೇರೆ ಹಿಡಿದು ನಡುವಿನ ಪಾಲನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಮೆಥನಾಲ್ ಎಂಬ ವಿಷದ ಆಲ್ಕೋಹಾಲ್ ಮಾತ್ರ ಈ ಲೆಕ್ಕಕ್ಕೆ ಬಗ್ಗದು. ಅದರ ಕುದಿಬಿಂದು 64.7 ಡಿಗ್ರಿಯಾದರೂ ನೀರಿನ ಜೊತೆ ಬೆರೆತು ಮೊದಲಿಂದ ಕೊನೆಯವರೆಗೂ ಬರುತ್ತಲೇ ಇರುತ್ತದೆ. ಮೊದಲ ಹನಿ ಚೆಲ್ಲಿದೆವು, ವಿಷ ಹೋಯಿತು ಎಂಬ ಮಾತು ಅಪಾಯಕಾರಿ.

ಕೈಗಾರಿಕೆಗೆ ಬಳಸುವ ಸ್ಪಿರಿಟ್ಟಿಗೆ, ಯಾರೂ ಕುಡಿಯದಿರಲೆಂದು, ಮೆಥನಾಲ್ ಬೆರೆಸುವುದುಂಟು. ಮಿಥಿಲೇಟೆಡ್ ಸ್ಪಿರಿಟ್ ಎಂಬ ಹೆಸರು ಅಲ್ಲಿಂದಲೇ. ದೇಹದೊಳಗೆ ಮೆಥನಾಲ್ ಫಾರ್ಮಾಲ್ಡಿಹೈಡ್ ಆಗಿ, ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಹಾಳು ಮಾಡುತ್ತದೆ. ಕುಡಿದ ಕೂಡಲೇ ಇದು ಕಾಣಿಸದು. 12ರಿಂದ 24 ಗಂಟೆ ಹಿಡಿಯಬಹುದು. ಆ ಹೊತ್ತಿಗೆ ದೃಷ್ಟಿ ಮಂಜಾಗಿರುತ್ತದೆ, ಉಸಿರು ವೇಗವಾಗಿರುತ್ತದೆ. ಅಂಥ ಸ್ಪಿರಿಟ್ ಕುಡಿದಿದ್ದಾರೆಂದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಕುಡಿದ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಮೆಥನಾಲ್ ವಿಷವಾಗುವುದನ್ನು ತಡೆಯುವ ಮದ್ದು ಅಲ್ಲಿದೆ, ಡಯಾಲಿಸಿಸ್ ಇದೆ. ಎಷ್ಟು ಬೇಗ ಶುರುವಾದರೆ ಕಣ್ಣು ಉಳಿಯುವ ಸಾಧ್ಯತೆ ಅಷ್ಟು ಹೆಚ್ಚು.

ನಮಸ್ಕಾರ.