ಕಷ್ಟಕ್ಕೆ ಹೀಬ್ರೂನಲ್ಲಿ ಏನಂತಾರೆ

ಕೇಳುಗರಿಗೆಲ್ಲಾ ನಮಸ್ಕಾರ. ಇವತ್ತು ಬೈಬಲ್‌ನಲ್ಲಿ ಆಪತ್ತಿಗೆ ಇರೋ ಪದಗಳ ಬಗ್ಗೆ ಮಾತಾಡೋಣ ಅಂತ ಬಂದಿದೀನಿ. ಬೈಬಲ್‌ನ ಮೊದಲ ಭಾಗ ಹಳೇ ಒಡಂಬಡಿಕೆ ಹೆಚ್ಚೂಕಮ್ಮಿ ಪೂರ್ತಿ ಹೀಬ್ರೂ, ಎರಡನೇ ಭಾಗ ಹೊಸ ಒಡಂಬಡಿಕೆ ಗ್ರೀಕ್, ನಾವು ಓದೋದು ಕನ್ನಡದಲ್ಲಿ, ಹಾಗಾಗಿ ಮೂಲದಲ್ಲಿ ಒಂದೊಂದೂ ಬೇರೆ ಬೇರೆಯಾಗಿರೋ ಎಷ್ಟೋ ಪದ ನಮ್ಮ ಕಿವಿಗೆ ಬೀಳೋ ಹೊತ್ತಿಗೆ ಕಷ್ಟ, ಸಂಕಟ, ಆಪತ್ತು ಅಂತ ಒಂದೇ ತರ ಕೇಳಿಸುತ್ತೆ. ನನಗದು ಬಹಳ ಬೇಜಾರಿನ ವಿಷಯ.

ಮೊದಲು ತ್ಸಾರಾ ಅನ್ನೋ ಹೀಬ್ರೂ ಪದ ತಗೊಳ್ಳಿ, ಕಷ್ಟ ಅಂತ ಅರ್ಥ. ಅದರ ಮೂಲದಲ್ಲಿರೋ ತ್ಸರ್ ಅಂದ್ರೆ ಇಕ್ಕಟ್ಟು. ಬೈಬಲ್‌ನ ಅರಣ್ಯಕಾಂಡದಲ್ಲಿ ಬಿಳಾಮ ಅನ್ನೋ ಕಣಿ ಹೇಳೋನ ಕತ್ತೆ ಕಥೆ ಬರುತ್ತಲ್ಲ, ದೇವದೂತ ಹೋಗಿ ನಿಲ್ಲೋ ಜಾಗ ಎಷ್ಟು ಕಿರಿದು ಅಂದ್ರೆ ಕತ್ತೆಗೆ ಬಲಕ್ಕೂ ತಿರುಗೋಕಾಗಲ್ಲ ಎಡಕ್ಕೂ ತಿರುಗೋಕಾಗಲ್ಲ, ಪಾಪ ಅಲ್ಲೇ ಮಲಗಿಬಿಡುತ್ತೆ, ಆ ಜಾಗಕ್ಕೂ ಇದೇ ತ್ಸರ್ ಪದ. ಕಷ್ಟ ಅಂದ್ರೆ ಹೀಬ್ರೂ ಮಾತಾಡೋರಿಗೆ ತಿರುಗೋಕೆ ಜಾಗ ಇಲ್ಲದೇ ಇರೋದು. ಕನ್ನಡದಲ್ಲೂ ಹಾಗೇ ಅಲ್ವಾ, ಇಕ್ಕಟ್ಟಲ್ಲಿ ಸಿಕ್ಕಾಕೊಂಡಿದೀನಿ ಅಂತೀವಿ, ಓಣಿನೂ ಇಕ್ಕಟ್ಟು ಪರಿಸ್ಥಿತಿನೂ ಇಕ್ಕಟ್ಟು. 118ನೇ ಕೀರ್ತನೆಯಲ್ಲಿ ಭಕ್ತ ಇಕ್ಕಟ್ಟಿನ ಒಳಗಿಂದ ಕೂಗ್ತಾನೆ, ದೇವರ ಉತ್ತರ ಬರೋದು ಒಂದು ವಿಶಾಲವಾದ ಬಯಲಲ್ಲಿ. ಅಲ್ಲಿ ಬರೀ ಕಷ್ಟ ಅಂತ ಓದಿದ್ರೆ ಆ ಬಯಲು ಎಲ್ಲಿಂದ ಬಂತು ಅಂತಾನೇ ಗೊತ್ತಾಗಲ್ಲ.

ಗ್ರೀಕ್‌ಗೆ ಬಂದ್ರೆ ಸ್ತೆನೋಖೋರಿಯಾ ಅಂತ ಒಂದು ಪದ, ಅಕ್ಷರಶಃ ಕಿರಿದಾದ ಜಾಗ. ಇನ್ನೊಂದು ಥ್ಲಿಪ್ಸಿಸ್, ಅಂದ್ರೆ ಅದುಮೋದು, ಒತ್ತೋದು. ಮಾರ್ಕನ ಸುವಾರ್ತೆಯಲ್ಲಿ ಜನ ಮೈಮೇಲೆ ಬಿದ್ದು ಒತ್ತಬಾರದು ಅಂತ ಯೇಸು ಒಂದು ದೋಣಿ ರೆಡಿ ಇಟ್ಟಿರೋಕೆ ಹೇಳ್ತಾನಲ್ಲ, ಆ ಒತ್ತೋ ಕ್ರಿಯೆಗೂ ಇದೇ ಧಾತು. ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಇವೆರಡನ್ನೂ ಪಕ್ಕಪಕ್ಕ ಇಟ್ಟು ಬೇರೆ ಮಾಡ್ತಾನೆ, ಎಲ್ಲಾ ಕಡೆಯಿಂದ ಒತ್ತುತಾ ಇದಾರೆ ಆದ್ರೆ ನಾವು ಇಕ್ಕಟ್ಟಲ್ಲಿ ಸಿಕ್ಕಿಲ್ಲ ಅನ್ನೋ ಅರ್ಥ ಬರೋ ಹಾಗೆ. ಒತ್ತಡ ಇದೆ, ಆದ್ರೆ ಉಸಿರಾಡೋಕೆ ಇನ್ನೂ ಜಾಗ ಇದೆ. ಈ ಸಾಲು ನನಗೆ ಎಷ್ಟು ಸಲ ಓದಿದ್ರೂ ಸಾಕಾಗಲ್ಲ.

ಮತ್ತೆ ಹೀಬ್ರೂಗೆ ಬಂದ್ರೆ ರಾಆ ಅನ್ನೋ ಪದ. ಇದಕ್ಕೆ ಕೆಟ್ಟತನ ಅಂತಾನೂ ಅರ್ಥ, ಬಂದೆರಗಿದ ವಿಪತ್ತು ಅಂತಾನೂ ಅರ್ಥ, ಹಾಗಾಗಿ ಊರಿಗೆ ರಾಆ ಬಂದ್ರೆ ಅದು ಯೆಹೋವನಿಂದ್ಲೇ ಅಲ್ವಾ ಅಂತ ಪ್ರವಾದಿ ಆಮೋಸ ಕೇಳಿದಾಗ ಎಷ್ಟೋ ಜನ ದೇವರೇ ಪಾಪ ಮಾಡಿಸ್ತಾನಾ ಅಂತ ಗಾಬರಿ ಬೀಳ್ತಾರೆ, ಅವನು ಅಲ್ಲಿ ಹೇಳ್ತಿರೋದು ಊರ ಮೇಲೆ ಬಂದ ವಿಪತ್ತಿನ ಬಗ್ಗೆ. ಪ್ರವಾದಿ ಯೋನನ ಪುಸ್ತಕ ಇರೋದು ಬರೀ 4 ಅಧ್ಯಾಯ, ಆದ್ರೆ ಅದರ ತುಂಬಾ ಈ ಪದವೇ ಓಡಾಡುತ್ತೆ. ನಿನೆವೆ ಅನ್ನೋ ಪಟ್ಟಣದವರ ದುಷ್ಟತನ ರಾಆ, ಯೋನ ಹತ್ತಿದ ಹಡಗಿಗೆ ಬಡಿದ ಬಿರುಗಾಳಿ ರಾಆ, ದೇವರು ಮನಸ್ಸು ಬದಲಾಯಿಸಿ ಆ ಪಟ್ಟಣದ ಮೇಲೆ ತರದೇ ಬಿಟ್ಟ ನಾಶ ರಾಆ, ಕೊನೆಗೆ ಯೋನನ ಸಿಟ್ಟು ಸಂಕಟ ಎಲ್ಲಾ ರಾಆ. ಇಂಗ್ಲಿಷಲ್ಲಿ ಇದಕ್ಕೆ ಒಂದೊಂದು ಕಡೆ ಒಂದೊಂದು ಪದ ಹಾಕ್ತಾರೆ, ಕೊಂಡಿ ಕಳಚಿಹೋಗುತ್ತೆ. ಕನ್ನಡದಲ್ಲಿ ಕೆಡು ಅನ್ನೋ ಧಾತು ಇದೆ, ಕೆಟ್ಟವನು, ಕೇಡು, ಮನೆ ಕೆಡ್ತು, ತಾನು ಕೆಟ್ಟ ಕೋತಿ ವನವನ್ನೆಲ್ಲಾ ಕೆಡಿಸಿತು ಅನ್ನೋ ಗಾದೆಯಲ್ಲಿ ಎರಡೂ ಅರ್ಥ ಒಟ್ಟಿಗೇ ಇದೆ ನೋಡಿ, ಯೋನನ ಕಥೆಗೆ ಇದಕ್ಕಿಂತ ಒಳ್ಳೇ ಪದ ಸಿಗೋದು ಕಷ್ಟ.

ಶೋಆ ಅನ್ನೋದನ್ನ ನೀವು ಕೇಳಿರಬಹುದು, ಅಂದ್ರೆ ವಿನಾಶ. ಪ್ರವಾದಿ ಯೆಶಾಯ ಬಾಬೆಲ್ ಪಟ್ಟಣಕ್ಕೆ ಹೇಳ್ತಾನೆ, ನಿನಗೆ ಗೊತ್ತಾಗೋದ್ರೊಳಗೆ ಶೋಆ ನಿನ್ನ ಮೇಲೆ ಬಂದುಬಿಡುತ್ತೆ ಅಂತ. ಹಿಟ್ಲರನ ಕಾಲದಲ್ಲಿ ಕೊಲೆಯಾದ ಸುಮಾರು 60 ಲಕ್ಷ ಯೆಹೂದ್ಯರ ಆ ದುರಂತಕ್ಕೆ ಇವತ್ತಿನ ಯೆಹೂದ್ಯರಲ್ಲಿ ಬಹಳ ಜನ ಈ ಹಳೇ ಪದವನ್ನೇ ಬಳಸ್ತಾರೆ. ಇಂಗ್ಲಿಷಲ್ಲಿ ಆ ದುರಂತಕ್ಕೆ ಹೇಳೋ ಹೋಲೋಕಾಸ್ಟ್ ಅನ್ನೋದು ಗ್ರೀಕ್ ಬೈಬಲಲ್ಲಿ ದೇವರಿಗೆ ಪೂರ್ತಿಯಾಗಿ ಸುಟ್ಟು ಅರ್ಪಿಸೋ ಬಲಿಯ ಹೆಸರು, ಕೊಲೆಗೆ ಬಲಿಯ ಹೆಸರಿಡೋದು ಹೇಗೆ ಅನ್ನೋದು ಅವರ ನೋವು. ನನಗೂ ಅದು ಸರಿ ಅನ್ಸುತ್ತೆ.

ಕೊನೆಯದು ನನಗೆ ತುಂಬಾ ಹತ್ತಿರದ ಪದ, ಆಸೋನ್, ಅಂದ್ರೆ ಅನಾಹುತ. ಇಡೀ ಹೀಬ್ರೂ ಬೈಬಲಲ್ಲಿ ಬರೋದೇ 5 ಸಲ. 2 ಸಲ ವಿಮೋಚನಕಾಂಡದ ಕಾನೂನಿನಲ್ಲಿ, ಬಸುರಿಗೆ ಏಟು ಬಿದ್ದ ಪ್ರಸಂಗದಲ್ಲಿ. ಉಳಿದ ಮೂರೂ ಮುದುಕ ಯಾಕೋಬನ ಭಯ. ಮಗ ಯೋಸೇಫನನ್ನ ಕಾಡುಮೃಗ ತಿಂತು ಅಂತ ನಂಬಿ ಕೂತಿರೋ ತಂದೆ, ಬರಗಾಲದಲ್ಲಿ ದವಸ ತರೋಕೆ ಉಳಿದ ಮಕ್ಕಳನ್ನ ಐಗುಪ್ತಕ್ಕೆ, ಅಂದ್ರೆ ಈಜಿಪ್ಟಿಗೆ ಕಳಿಸ್ತಾನೆ, ಕಿರಿಮಗ ಬೆನ್ಯಾಮೀನನ್ನ ಮಾತ್ರ ಬಿಡಲ್ಲ, ದಾರಿಯಲ್ಲಿ ಇವನಿಗೆ ಆಸೋನ್ ಆದ್ರೆ ಅಂತ. ಏನಾದ್ರೂ ಆಗಿಬಿಟ್ರೆ ಅಂತ ನಮ್ಮ ಮನೆ ಹಿರಿಯರು ಬಾಗಿಲಲ್ಲಿ ನಿಂತು ಹೇಳ್ತಾರಲ್ಲ, ಅದೇ ಮಾತು. ಮುಂದೆ ಕಾಳು ಮುಗಿದು ಬೇರೆ ದಾರಿ ಇಲ್ಲದೆ ಕಳಿಸ್ತಾನೆ, ಹುಡುಗ ಅಲ್ಲಿ ಸಿಕ್ಕಿಹಾಕೊಳ್ತಾನೆ, ಆಗ ಅವನ ಅಣ್ಣ ಯೆಹೂದ ಐಗುಪ್ತದ ಅಧಿಕಾರಿ ಮುಂದೆ ನಿಂತು ನಮ್ಮಪ್ಪ ಹೀಗೆ ಹೇಳಿದ್ದ ಅಂತ ಆ ಮಾತನ್ನ ಹಾಗೇ ಒಪ್ಪಿಸ್ತಾನೆ, ಆಸೋನ್ ಪದ ಸಮೇತ. ಎದುರಿಗೆ ಕೂತಿರೋದು ಯೋಸೇಫನೇ ಅಂತ ಅವನಿಗೆ ಗೊತ್ತಿಲ್ಲ. ಯೋಸೇಫ ಆಳುಗಳನ್ನೆಲ್ಲಾ ಆಚೆ ಕಳಿಸಿ ಅಳೋಕೆ ಶುರು ಮಾಡ್ತಾನೆ, ಆ ದನಿ ಆಚೆ ಇದ್ದ ಐಗುಪ್ತದವರಿಗೂ ಕೇಳಿಸುತ್ತೆ.